ಪೌರತ್ವವಿಲ್ಲದವರ ರೆಜಿಮೆಂಟ್
ಅಮೆರಿಕದ ಪೌರರೇ ಅಲ್ಲದ ಫಿಲಿಪಿನೋಗಳಿಗೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯೊಳಗೆ ಸ್ವಂತ ರೆಜಿಮೆಂಟ್ ಹೇಗೆ ಬಂತು ಎಂದು ಕೇಳಿದ್ದೀರಿ.

ಫಿಲಿಪೀನ್ಸ್ ಆಗ ಅಮೆರಿಕದ ಅಧೀನದಲ್ಲಿತ್ತು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುತ್ತಿದ್ದ ಫಿಲಿಪಿನೋಗಳಿಂದ ನಿಷ್ಠೆ ಬೇಕಿತ್ತು, ಅವರಿಗೆ ಪೌರತ್ವ ಕೊಡುವುದು ಬೇಕಿರಲಿಲ್ಲ. ಅವರ ತಾಯ್ನಾಡಿನ ಮೇಲೆ ಜಪಾನ್ ಎರಗಿದ ಮೇಲೆ, ಅವರನ್ನು ಸೇನೆಗೆ ಸೇರಿಸಿಕೊಳ್ಳದ ನಿಯಮ ಸಡಿಲಗೊಂಡಿತು. 1942ರ ಏಪ್ರಿಲ್‌ನಲ್ಲಿ ಬೆಟಾಲಿಯನ್ ಆಗಿ ಹುಟ್ಟಿದ ಪಡೆಗೆ ಎಷ್ಟು ಜನ ಬಂದು ಸೇರಿದರೆಂದರೆ, ಜುಲೈನಲ್ಲೇ ಅದು ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ ಹಲವು ಬೆಟಾಲಿಯನ್‌ಗಳ ದೊಡ್ಡ ಪಡೆಯಾಗಿ, ಒಂದನೇ ಫಿಲಿಪಿನೋ ಕಾಲಾಳು ರೆಜಿಮೆಂಟ್ ಆಯಿತು. 1943ರ ಫೆಬ್ರವರಿಯಲ್ಲಿ ಅದೇ ರಾಜ್ಯದ ಬೀಲ್ ಸೇನಾ ಶಿಬಿರದಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ಒಟ್ಟಿಗೆ ಪೌರತ್ವದ ಪ್ರಮಾಣವಚನ ಸ್ವೀಕರಿಸಿದರು.

ಆದರೂ ಪಕ್ಕದ ಮೇರಿಸ್‌ವಿಲ್ ಪಟ್ಟಣದ ಹೋಟೆಲುಗಳಲ್ಲಿ ಸಮವಸ್ತ್ರ ತೊಟ್ಟ ಇವರಿಗೆ ಊಟ ಸಿಗುತ್ತಿರಲಿಲ್ಲ. ಕಮಾಂಡರ್ ಕರ್ನಲ್ ರಾಬರ್ಟ್ ಆಫ್ಲಿ ವ್ಯಾಪಾರಿಗಳನ್ನು ಎಚ್ಚರಿಸಬೇಕಾಯಿತು. ಬಿಳಿಯ ಹೆಣ್ಣನ್ನು ಮದುವೆಯಾಗಲು ಕ್ಯಾಲಿಫೋರ್ನಿಯಾದ ಕಾನೂನು ಅಡ್ಡ ಬರುತ್ತಿತ್ತು. ಜೋಡಿಗಳು ನ್ಯೂ ಮೆಕ್ಸಿಕೋದ ಗ್ಯಾಲಪ್‌ವರೆಗೆ ಬಸ್ಸಿನಲ್ಲಿ ಹೋಗಿ ಮದುವೆಯಾಗಿ ಬರುತ್ತಿದ್ದರು! ಈ ಪಡೆಯ ಕಥೆಯಲ್ಲಿ ನನಗೆ ಕದನಗಳಿಗಿಂತ ದೊಡ್ಡದಾಗಿ ಕಾಣುವುದು ಇದೇ.

ಕದನದ ವಿಷಯ: 1944ರಲ್ಲಿ ನ್ಯೂಗಿನಿ, 1945ರಲ್ಲಿ ಫಿಲಿಪೀನ್ಸ್‌ನ ಲೇಟೆ ಮತ್ತು ಸಮಾರ್ ದ್ವೀಪಗಳು. ಸ್ಥಳೀಯ ಭಾಷೆ ಬಲ್ಲ ಕೆಲವರನ್ನು ಆಯ್ದು ಶತ್ರುವಿನ ನೆಲೆಗಳ ಹಿಂದೆ ಗೂಢಚರ್ಯೆಗೆ ಕಳುಹಿಸಲಾಯಿತು.