ಚೈನ್‌ಸಾ: ಕಾಯಿಲ್ ಬದಲಿಸುವ ಮುಂಚೆ ವೈರ್ ನೋಡಿ

ನಿಮ್ಮ ಚೈನ್‌ಸಾಗೆ ಹೊಸ ಪ್ಲಗ್ ಹಾಕಿದರೂ ಕಿಡಿ ಬರುತ್ತಿಲ್ಲ, ಸ್ವಿಚ್‌ಗೆ ಹೋಗುವ ವೈರ್ ಸವೆದಿದೆ ಅಂದಿರಿ. ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಕಾಯಿಲ್‌ಗೆ ದುಡ್ಡು ಸುರಿಯಬೇಡಿ, ಮೊದಲು ಆ ವೈರನ್ನೇ ಅನುಮಾನಿಸಿ. ಅದು ಇಂಜಿನ್ನಿನ ಲೋಹದ ಮೈಗೆ ತಾಗಿದಾಗ ಇಂಜಿನ್ ನಿಲ್ಲುವ ಹಾಗೆ ಮಾಡಿರುತ್ತಾರೆ. ಹೊದಿಕೆ ಹರಿದು ಲೋಹಕ್ಕೆ ತಗುಲಿದರೆ ಸ್ವಿಚ್ ಆನ್ ಇದ್ದರೂ ಆಫ್ ಆದಂತೆಯೇ.

ಕಾಯಿಲ್ ಬಳಿ ವೈರ್ ಕಳಚಿ, ಪೆಟ್ರೋಲ್ ದೂರವಿಟ್ಟು, ಬಿಚ್ಚಿ ತೆಗೆದ ಪ್ಲಗ್ಗಿನ ಲೋಹದ ಭಾಗವನ್ನು ಇನ್ಸುಲೇಷನ್ ಇರುವ ಇಕ್ಕಳದಿಂದ ಸಿಲಿಂಡರ್‌ಗೆ ಒತ್ತಿ ಹಿಡಿದು ಹಗ್ಗ ಎಳೆಯಿರಿ. ಕಿಡಿ ಬಂದರೆ ದೋಷ ವೈರಿನದು ಅಥವಾ ಸ್ವಿಚ್ಚಿನದು. ಹೊಸ ವೈರನ್ನು ಸೈಲೆನ್ಸರ್, ಫ್ಲೈವೀಲ್‌ಗೆ (ಇಂಜಿನ್ ಜೊತೆ ತಿರುಗುವ ಚಕ್ರ) ತಾಗದಂತೆ ಹಳೆಯ ದಾರಿಯಲ್ಲೇ ಎಳೆಯಿರಿ. ಟೇಪ್ ಸುತ್ತಿ ಮುಗಿಸಬೇಡಿ, ಆ ಬಿಸಿ ಮತ್ತು ಎಣ್ಣೆಗೆ ಅದು ನಿಲ್ಲದು. ಕಾಯಿಲ್ ಬಿಚ್ಚಿದ್ದರೆ ಫ್ಲೈವೀಲ್‌ನಿಂದ ಸುಮಾರು 0.3 ಮಿ.ಮೀ. ಅಂತರವಿರಲಿ.

ವೈರ್ ಕಳಚಿಟ್ಟೇ ಮರ ಕೊಯ್ಯಲು ಮಾತ್ರ ಹೋಗಬೇಡಿ, ಆಗ ಸ್ವಿಚ್ ಒತ್ತಿದರೂ ಇಂಜಿನ್ ನಿಲ್ಲುವುದಿಲ್ಲ.