ಬಡವರ ಮನೆ ಹುಡುಗಿ ಡಿಗ್ರಿ ಫೀಸ್ ನಾನು ಕಟ್ತೀನಿ, ಆದ್ರೆ 60 ಪರ್ಸೆಂಟ್ ಬರ್ಲೇಬೇಕು ಅಂತ ಕಂಡೀಷನ್ ಹಾಕ್ಬಹುದಾ?

ಹಾಕ್ಬೇಡಿ. ಆ ಕಂಡೀಷನ್ ಮೇಲೆ ಓದಿದ ಹುಡುಗಿ ನಾನು, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳ್ತಿದೀನಿ.

ನಮ್ದು ಶಿಡ್ಲಘಟ್ಟ ತಾಲ್ಲೂಕು. ಒಂದೂವರೆ ಎಕರೆ ಹಿಪ್ಪುನೇರಳೆ, ಬೋರಲ್ಲಿ ನೀರು ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ, ಮನೆ ತುಂಬ ರೇಷ್ಮೆ ಹುಳ. 2014ರಲ್ಲಿ ಪಿಯುಸಿ ಮುಗೀತು. ನಮ್ಮೂರಿನವ್ರೇ ಒಬ್ರು, ಬೆಂಗಳೂರಲ್ಲಿ ರಿಟೈರ್ ಆಗಿದ್ದ ಮೇಷ್ಟ್ರು, ಬಿಕಾಂ ಸೇರು ಖರ್ಚು ನಂದು ಅಂದ್ರು. ಪ್ರತಿ ಸೆಮಿಸ್ಟರ್ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಕಳಿಸ್ಬೇಕು, ಫಸ್ಟ್ ಕ್ಲಾಸಿಗಿಂತ ಕೆಳಗೆ ಹೋಗ್ಬಾರ್ದು, ಅಷ್ಟೇ ಷರತ್ತು. ನಮ್ಮಪ್ಪ ಅವ್ರ ಕಾಲಿಗೆ ಬಿದ್ದು ನನ್ನನ್ನೂ ಬೀಳ್ಸಿದ.

ಮೊದಲ್ನೇ ಸೆಮ್ 64 ಬಂತು. ಎರಡನೇ ಸೆಮ್ ಪರೀಕ್ಷೆ ಹೊತ್ತಿಗೆ ಮನೇಲಿ ಹುಳ ನಾಲ್ಕನೇ ಜ್ವರ ಎದ್ದಿತ್ತು. ಹುಳ ಸಾಕದೋರಿಗೆ ಇದು ಗೊತ್ತಾಗಲ್ಲ. ಹುಳ ಪೊರೆ ಬಿಡೋದನ್ನ ನಾವು ಜ್ವರ ಅಂತೀವಿ, ನಾಲ್ಕನೇ ಜ್ವರ ಎದ್ಮೇಲೆ ಅವು ಹಗಲೂ ರಾತ್ರಿ ತಿಂತಾವೆ, ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ 80 ಪಾಲು ಆ ಕೊನೇ ಏಳೆಂಟು ದಿನದಲ್ಲೇ ಖಾಲಿ. ಆಗ ಮನೇಲಿ ಒಂದು ಕೈ ಕಮ್ಮಿ ಆದ್ರೂ ಬೆಳೆ ಹೋಯ್ತು, ಬೆಳೆ ಹೋದ್ರೆ ಗೂಡಿಲ್ಲ, ಗೂಡಿಲ್ದಿದ್ರೆ ಹುಳದ ಮೊಟ್ಟೆ ತರೋಕೆ ಮಾಡಿದ ಸಾಲ ತಲೆ ಮೇಲೆ. ಬೆಳಿಗ್ಗೆ ನಾಲ್ಕಕ್ಕೆ ಸೊಪ್ಪು ಕೊಯ್ದು, ಹಾಕಿ, ಬಸ್ಸಿಗೆ ಓಡಿ ಪರೀಕ್ಷೆ ಬರೀತಿದ್ದೆ. ಅಕೌಂಟೆನ್ಸಿ ಪೇಪರಲ್ಲಿ ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಟ್ಯಾಲಿ ಆಗ್ಲೇ ಇಲ್ಲ, ಅಲ್ಲೇ ತೂಕಡಿಸಿಬಿಟ್ಟೆ. ಫೇಲ್.

ಈಗ ನನ್ನ ತಪ್ಪಿಗೆ ಬರ್ತೀನಿ. ಫೇಲಾಗಿದ್ದು ತಪ್ಪಲ್ಲ, ಮುಚ್ಚಿಟ್ಟಿದ್ದು ತಪ್ಪು. ಮೇಷ್ಟ್ರು ಫೋನ್ ಮಾಡಿದ್ರೆ ರಿಸಲ್ಟ್ ಬಂದಿಲ್ಲ ಅಂದೆ, ಆಮೇಲೆ ಮಾರ್ಕ್ಸ್ ಕಾರ್ಡ್ ಕೊಟ್ಟಿಲ್ಲ ಅಂದೆ, ಆಮೇಲೆ ಫೋನೇ ಎತ್ಲಿಲ್ಲ. ಒಂದು ಸಬ್ಜೆಕ್ಟ್ ಬ್ಯಾಕ್ ಉಳ್ಸ್ಕೊಂಡೇ ಮೂರನೇ ಸೆಮ್‌ಗೆ ಹೋಗ್ಬಹುದು, ಮುಂದೆ ಬರ್ಕೊಂಡ್ರಾಯ್ತು ಅನ್ನೋದು ನನಗೆ ಗೊತ್ತೇ ಇರ್ಲಿಲ್ಲ ನಂಬ್ತೀರಾ? ಎಸ್ಎಸ್ಎಲ್‌ಸಿ ತರ ಫೇಲ್ ಅಂದ್ರೆ ಮುಗೀತು ಅನ್ಕೊಂಡಿದ್ದೆ. ಲೆಕ್ಚರರ್ ಹತ್ರ ಕೇಳ್ಬಹುದಿತ್ತು, ಕೇಳಿದ್ರೆ ಮೇಷ್ಟ್ರಿಗೆ ಗೊತ್ತಾಗುತ್ತೆ ಅನ್ನೋ ಭಯ, ಅವ್ರಿಗೂ ಇವ್ರಿಗೂ ಪರಿಚಯಾನೇ ಇಲ್ಲ, ಆದ್ರೂ ಭಯ! ಕಾಲೇಜಿಗೆ ಹೋಗೋದೇ ಬಿಟ್ಟು ರೇಷ್ಮೆ ನೂಲು ತೆಗೆಯೋ ಫಿಲೇಚರ್‌ಗೆ ಸೇರ್ಕೊಂಡೆ. ಬಿಸಿನೀರಲ್ಲಿ ಬೆಂದ ಗೂಡಿಂದ ಎಳೆ ಹುಡುಕೋ ಕೆಲ್ಸ, ದಿನಕ್ಕೆ 200, ಬೆರಳ ಸಿಪ್ಪೆ ಸುಲೀತಿತ್ತು, ಆ ವಾಸ್ನೆ ತಲೆಗೂದ್ಲಿಂದ ಹೋಗ್ತಿರ್ಲಿಲ್ಲ. ಮನೇಲಿ ಗಂಡು ನೋಡೋಕೆ ಶುರು ಮಾಡಿದ್ರು.

ಎರಡು ವರ್ಷ ಆದ್ಮೇಲೆ ಊರ ಜಾತ್ರೇಲಿ ಮೇಷ್ಟ್ರು ಎದುರಿಗೇ ಸಿಕ್ಕಿದ್ರು. ಓಡಿ ಹೋಗೋಣ ಅನ್ನಿಸ್ತು. ನಿಂಗೆ ಮದ್ವೆ ಆಗೋಯ್ತು ಅನ್ಕೊಂಡಿದ್ದೆ ಕಣಮ್ಮ ಅಂದ್ರು. ಅತ್ತು ಎಲ್ಲಾ ಹೇಳ್ದೆ. ಒಂದು ಪೇಪರಿಗಾ, ಅಂತ ಸುಮ್ನೆ ನಿಂತ್ಬಿಟ್ರು. ಆಮೇಲೆ ಫೀಸ್ ಕಟ್ಟಿದ್ರು, ನಾನು ಮುಗಿಸ್ದೆ, ಈಗ ಕೋಲಾರದಲ್ಲಿದೀನಿ, ನರಸಾಪುರ ಕಡೆ ಒಂದು ಕಂಪನೀಲಿ ಅಕೌಂಟ್ಸ್. (ಹೌದು, ಅದೇ ಅಕೌಂಟ್ಸ್.)

ಹಾಗಾಗಿ ಪರ್ಸೆಂಟೇಜ್ ಮರ್ತುಬಿಡಿ. ಕಾಲೇಜು ಬಿಡ್ಬಾರ್ದು, ಫೇಲಾದ್ರೆ ಮೊದ್ಲು ನಿಮಗೇ ಫೋನ್ ಮಾಡ್ಬೇಕು, ಇದೆರಡೇ ಷರತ್ತು ಇಡಿ, ಮೊದಲ್ನೇ ದಿನಾನೇ ಬಾಯ್ಬಿಟ್ಟು ಹೇಳಿ. ನಂಬರ್ ಅವಳದ್ದೇ ತಗೊಳ್ಳಿ, ಅಪ್ಪಂದು ಬೇಡ.

ಇನ್ನೊಂದು, ನೀವು ಫೀಸ್ ಫೀಸ್ ಅಂತಿದೀರ. ಸರ್ಕಾರಿ ಕಾಲೇಜಲ್ಲಿ ಫೀಸ್ ದೊಡ್ಡ ವಿಷ್ಯಾನೇ ಅಲ್ಲ, ಸರ್ಕಾರಿ ಬಸ್ಸೂ 2023ರ ಜೂನಿಂದ ಶಕ್ತಿ ಯೋಜನೇಲಿ ಹೆಣ್ಮಕ್ಕಳಿಗೆ ಫ್ರೀ. ಅವಳು ಕೂಲಿಗೆ ಹೋಗಿದ್ರೆ ಮನೆಗೆ ಬರ್ತಿದ್ದ ದುಡ್ಡಿದೆಯಲ್ಲ, ಜಗಳ ಆಗೋದು ಅದಕ್ಕೆ. ತಿಂಗಳಿಗೆ ಇಷ್ಟು ಅಂತ ಅವಳ ಹೆಸರಿನ ಖಾತೆಗೇ ಹಾಕಿ, ಪರೀಕ್ಷೆ ತಿಂಗಳು ಬೆಳೆ ಇದ್ರೆ ಒಂದು ಆಳಿನ ಕೂಲಿ ಜಾಸ್ತಿ ಹಾಕಿ.

ನಿಮ್ಮ ದುಡ್ಡಿಗಿಂತ ಮುಂಚೆ ಬೇರೆ ದುಡ್ಡು ಬರುತ್ತಾ ನೋಡಿ. ಹಿಂದುಳಿದ ವರ್ಗದೋಳಾಗಿ ಹಾಸ್ಟೆಲ್ ಸಿಗ್ದಿದ್ರೆ ಸರ್ಕಾರದ ವಿದ್ಯಾಸಿರಿ ಯೋಜನೇಲಿ ತಿಂಗಳಿಗೆ ಇಷ್ಟು ಅಂತ 10 ತಿಂಗಳು ದುಡ್ಡು ಕೊಡ್ತಾರೆ. 10, 12 ಎರಡೂ ಸರ್ಕಾರಿ ಶಾಲೆ ಕಾಲೇಜಲ್ಲಿ ಓದಿದ್ರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ಇದೆ. ನಾಡಕಚೇರೀಲಿ ಜಾತಿ ಆದಾಯ ಸರ್ಟಿಫಿಕೇಟ್ ಮಾಡ್ಸೋಕೆ, ಅವಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ (ಸೀಡಿಂಗ್) ಆಗಿದ್ಯಾ ನೋಡೋಕೆ ಒಂದಿನ ರಜೆ ಹಾಕಿ ಅವಳ ಜೊತೆ ಹೋಗಿ, ಸೀಡಿಂಗ್ ಇಲ್ದೆ ಸರ್ಕಾರದ ದುಡ್ಡು ಬರಲ್ಲ.