ಅಪ್ಪನ ಕಣ್ಣಿಗೆ ಮಾಸಿನ ಪೊರೆ ಹಾಕಿಸಬಹುದಾ?

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ. ಕೊಪ್ಪಳದ ಹತ್ತಿರ ಹೊಲ ನೋಡಿಕೊಂಡಿದ್ದಾರೆ. ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಮಾಂಸ ಬೆಳೆದು ಕಪ್ಪುಗುಡ್ಡೆಯ ಮೇಲೆ ಬಂದಿತ್ತು. ಆಪರೇಷನ್ ಮಾಡಿ ತೆಗೆಸಿದೆವು. ವರ್ಷದೊಳಗೆ ಮತ್ತೆ ಬೆಳೆಯಿತು. ಈ ಸಲ ಅದನ್ನು ತೆಗೆದು, ಹೆರಿಗೆಯಲ್ಲಿ ಬರುವ ಮಾಸಿನ ಪೊರೆ ಹಾಕೋಣ ಅಂತಾರೆ ಡಾಕ್ಟರು. ಪರಿಚಯದವರೊಬ್ಬರಿಗೆ ಅವರ ಕಣ್ಣಿನದೇ ಪದರ ತೆಗೆದು ಹಾಕಿದ್ದಾರೆ. ಅಪ್ಪನಿಗೆ ಯಾಕೆ ಬೇರೆಯವರದ್ದು? ಅಮ್ಮ ಬೇಡವೇ ಬೇಡ ಅನ್ನುತ್ತಿದ್ದಾರೆ. ಅಪ್ಪ ಗ್ಲಾಕೋಮಾಗೆ ದಿನಾ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ.

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ಬಹುಶಃ ನೀವು ಬರೆದ ಕೊನೆಯ ಸಾಲಿನಲ್ಲೇ ಇದೆ.

ಈ ಬೆಳವಣಿಗೆಗೆ ಟೆರಿಜಿಯಂ ಅನ್ನುತ್ತೇವೆ. ವರ್ಷಗಟ್ಟಲೆ ಬಿಸಿಲು, ಗಾಳಿ, ಧೂಳಿನಲ್ಲಿ ದುಡಿಯುವವರಲ್ಲಿ ಜಾಸ್ತಿ. ಇದು ಕ್ಯಾನ್ಸರ್ ಅಲ್ಲ. ಆದರೆ ಮೊಂಡು ಕಾಯಿಲೆ. ಬರೀ ಕತ್ತರಿಸಿ ಜಾಗವನ್ನು ಹಾಗೇ ಬಿಟ್ಟರೆ ಕಾಲು ಭಾಗದಿಂದ ಮುಕ್ಕಾಲಿಗಿಂತಲೂ ಹೆಚ್ಚು ಜನರವರೆಗೆ ಮತ್ತೆ ಬಂದ ವರದಿಗಳಿವೆ. ಅದಕ್ಕೇ ಈಗ ಆ ಜಾಗವನ್ನು ಏನಾದರೂ ಹಾಕಿ ಮುಚ್ಚುತ್ತೇವೆ.

ಸಾಮಾನ್ಯವಾಗಿ ನಮ್ಮ ಮೊದಲ ಆಯ್ಕೆ ರೋಗಿಯ ಸ್ವಂತ ಪದರವೇ. ಮೇಲಿನ ರೆಪ್ಪೆಯ ಅಡಿ, ಬಿಳಿಗುಡ್ಡೆಯ ಮೇಲಿರುವ ತೆಳು ಪದರದಿಂದ ಒಂದು ತುಂಡು ತೆಗೆದು ಅಂಟಿಸುತ್ತೇವೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2016ರ ಕಾಕ್ರೇನ್ ಪರಿಶೀಲನೆಯಲ್ಲೂ, ಆರು ತಿಂಗಳ ನಂತರ ನೋಡಿದಾಗ ಮಾಸಿನ ಪೊರೆಗಿಂತ ಸ್ವಂತ ಪದರ ಹಾಕಿದವರಲ್ಲೇ ಕಾಯಿಲೆ ಮರುಕಳಿಸಿದ್ದು ಕಡಿಮೆ. ಹಾಗಾಗಿ ನಿಮ್ಮ ಪರಿಚಯದವರಿಗೆ ಮಾಡಿದ್ದು ಸರಿಯೇ.

ನಿಮ್ಮ ತಂದೆಯವರ ವಿಷಯ ಬೇರೆ. ಗ್ಲಾಕೋಮಾ ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ದೃಷ್ಟಿಯ ನರ ಹಾಳಾಗುವ ಕಾಯಿಲೆ. ಡ್ರಾಪ್ಸ್‌ನಿಂದ ಒತ್ತಡ ಹತೋಟಿಗೆ ಬರದಿದ್ದರೆ ಮುಂದೊಂದು ದಿನ ಗ್ಲಾಕೋಮಾ ಆಪರೇಷನ್ ಬೇಕಾಗಬಹುದು. ಅದನ್ನು ಮಾಡುವುದು ಕಣ್ಣಿನ ಮೇಲ್ಭಾಗದಲ್ಲಿ. ಅಲ್ಲಿನ ಪದರವನ್ನು ಇವತ್ತೇ ತೆಗೆದು ಗಾಯದ ಕಲೆ ಮಾಡಿಟ್ಟರೆ ಆ ಆಪರೇಷನ್ ಕೆಟ್ಟುಹೋಗುವ ಸಾಧ್ಯತೆ ಹೆಚ್ಚು. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಆ ಜಾಗವನ್ನು ಉಳಿಸಿಕೊಳ್ಳಲೇಬೇಕು. ಕೆಲವರಲ್ಲಿ ಕೆಳಭಾಗದಿಂದ ಪದರ ತೆಗೆಯಲು ಆಗುತ್ತದೆ. ಅದು ಸಾಧ್ಯವೇ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಅವರು ಅದನ್ನೂ ನೋಡಿ ಬೇಡ ಅಂದಿದ್ದರೆ, ಮಾಸಿನ ಪೊರೆ ಒಳ್ಳೆಯ ದಾರಿ.

ಇನ್ನು ಅಮ್ಮನ ಭಯ. ಅದು ಸಹಜ. ಇಡೀ ಮಾಸನ್ನು ಕಣ್ಣಿಗೆ ಹಾಕುವುದಿಲ್ಲ ಅಂತ ಅವರಿಗೆ ಹೇಳಿ. ಹೊಟ್ಟೆಯಲ್ಲಿ ಮಗುವಿನ ಸುತ್ತ ಇರುವ ನೀರಿನ ಚೀಲದ ಒಳಪೊರೆ ಮಾತ್ರ ಬೇಕಾಗಿರುವುದು. ಮೊದಲೇ ದಿನ ನಿಗದಿಯಾದ ಸಿಸೇರಿಯನ್‌ನಲ್ಲಿ, ತಾಯಿಯ ಒಪ್ಪಿಗೆ ಪಡೆದು ತೆಗೆದುಕೊಳ್ಳುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಇಲ್ಲವೆಂದು ಆ ತಾಯಿಯ ರಕ್ತ ಪರೀಕ್ಷೆ ಆಗುತ್ತದೆ. ಆಮೇಲೆ ಪೊರೆಯನ್ನು ತೊಳೆದು, ಮೈನಸ್ 80 ಡಿಗ್ರಿಯಲ್ಲೋ ಒಣಗಿಸಿಯೋ ಇಡುತ್ತಾರೆ. ಈ ಪೊರೆಯಲ್ಲಿ ರಕ್ತನಾಳಗಳಿಲ್ಲ. ದೇಹ ಇದನ್ನು ತಿರಸ್ಕರಿಸುವುದು ತೀರಾ ಅಪರೂಪ. ಇದು ಉರಿಯೂತ ತಗ್ಗಿಸುತ್ತದೆ, ಕಲೆ ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಇದರ ಆಸರೆಯಲ್ಲಿ ಕಣ್ಣಿನ ಸ್ವಂತ ಜೀವಕೋಶಗಳೇ ಹಬ್ಬಿಕೊಳ್ಳುತ್ತವೆ, ಪೊರೆ ನಿಧಾನಕ್ಕೆ ಕರಗುತ್ತದೆ. ಕಣ್ಣಿಗೆ ಇದರ ಬಳಕೆ ಶುರುವಾಗಿದ್ದು 1940ರಲ್ಲಿ.

ಆಪರೇಷನ್ ಕಣ್ಣಿಗಷ್ಟೇ ಮರಗಟ್ಟಿಸುವ ಔಷಧಿ ಕೊಟ್ಟು ಆಗುತ್ತದೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಹೊಲಿಗೆಯ ಬದಲು ಫೈಬ್ರಿನ್ ಅಂಟು (ರಕ್ತದ ಪ್ರೋಟೀನಿನಿಂದ ಮಾಡಿದ ಅಂಟು) ಹಾಕಿದರೆ ಚುಚ್ಚುವ ನೋವು ಕಡಿಮೆ, ಖರ್ಚು ಜಾಸ್ತಿ. ತೆಗೆದ ಮಾಂಸವನ್ನು ಲ್ಯಾಬಿಗೆ ಕಳಿಸಲು ಹೇಳಿ, ಮರುಕಳಿಸಿದ್ದಕ್ಕೆ ಅದು ಒಳ್ಳೆಯದು.

ನನಗೆ ನಿಜವಾಗಿ ಚಿಂತೆ ಇರುವುದು ಆಮೇಲಿನ ವಾರಗಳದ್ದು. ಸ್ಟೀರಾಯ್ಡ್ ಡ್ರಾಪ್ಸ್ ಬರೆದುಕೊಡುತ್ತಾರೆ, ಅದು ಬೇಕೇ ಬೇಕು. ಆದರೆ ಅದರಿಂದ ಕಣ್ಣಿನ ಒತ್ತಡ ಏರಬಹುದು, ಗ್ಲಾಕೋಮಾ ಇರುವವರಲ್ಲಿ ಇನ್ನೂ ಬೇಗ. ಪ್ರತಿ ಭೇಟಿಯಲ್ಲೂ ಒತ್ತಡ ಅಳೆಸಿ. ಔಷಧಿ ಅಂಗಡಿಯಲ್ಲಿ ಹಳೇ ಚೀಟಿ ತೋರಿಸಿ ಅದೇ ಡ್ರಾಪ್ಸ್ ಮತ್ತೆ ತರಬೇಡಿ. ಗ್ಲಾಕೋಮಾ ಡ್ರಾಪ್ಸನ್ನು ನೀವಾಗಿಯೇ ನಿಲ್ಲಿಸಬೇಡಿ. ನೋವು ಹೆಚ್ಚಾದರೆ, ಕೀವು ಬಂದರೆ, ಮಬ್ಬಾದರೆ ಅದೇ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮತ್ತೆ ಬರುವುದಿದ್ದರೆ ಹೆಚ್ಚಾಗಿ ಮೊದಲ ಒಂದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ತಪಾಸಣೆ ತಪ್ಪಿಸಬೇಡಿ. ಹೊಲಕ್ಕೆ ಹೋಗುವಾಗ ಅಗಲ ಅಂಚಿನ ಟೋಪಿ, ಯುವಿ ತಡೆಯುವ ಕನ್ನಡಕ ಇರಲಿ.